ಮುಂದಕ್ಕೆ ವಾಲಿದ ಕೋಲು

ಶವ ಕಲ್ಲುಗೋಡೆಯ ಬುಡದಲ್ಲಿ ಅಂಗಾತ ಬಿದ್ದಿತ್ತು. ತಲೆಯ ಹಿಂಭಾಗ ಬಂಡೆಗೆ ಬಡಿದು ಒಡೆದಿತ್ತು. ಪಕ್ಕದಲ್ಲೇ ಒಂದು ಯಂತ್ರ. ಉದ್ದನೆಯ ಕೋಲು, ಅದರ ತುದಿಗೆ ಅಗಲವಾದ ತಟ್ಟೆ. ನೆಲದಡಿಯ ಲೋಹ ಹುಡುಕುವ ಡಿಟೆಕ್ಟರ್.

ಆ ವರ್ಷ ಜಲಾಶಯದ ನೀರು ಯಾರೂ ಕಂಡಿರದಷ್ಟು ಇಳಿದಿತ್ತು. ಮುಳುಗಿಹೋಗಿದ್ದ ಹಳೆಯ ದೋಣಿಕಟ್ಟೆಯ ಗೋಡೆ ಮೇಲೆದ್ದಿತ್ತು. ಅದರಾಚೆ ಬಿರುಕುಬಿಟ್ಟ ಕೆಸರು, ನಡುವೆ ಒಂದು ಒಣಮರದ ಬೊಡ್ಡೆ. ಸತ್ತವನು ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಊರಿಗೆಲ್ಲ ಮೆಕ್ಯಾನಿಕ್ ಎಂದೇ ಪರಿಚಯ. ಯಾರದಾದರೂ ಉಂಗುರ, ಬೀಗದ ಕೈ ಕಳೆದರೆ ಹುಡುಕಿಕೊಡುವುದು ಅವನ ಹವ್ಯಾಸ.

"ಕಾಲು ಜಾರಿದೆ, ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್. ಯಾವ ಸಾವೇ ಆಗಲಿ, ಊಟದ ಹೊತ್ತಿಗೆ ಇತ್ಯರ್ಥವಾಗಬೇಕು ಎನ್ನುವ ಆಸಾಮಿ. "ಯಂತ್ರದ ಹಿಂದೆ ನೋಡಿ. ಸೀಸದ ಗುಂಡು ತುಂಬಿದ ಚೀಲ ಕಟ್ಟಿದಾರೆ. ಗೋಡೆ ಅಂಚಲ್ಲಿ ನಿಂತಾಗ ಅದೇ ಹಿಂದಕ್ಕೆ ಎಳೆದಿರಬೇಕು."

ಇಷ್ಟು ಸಲೀಸಾಗಿ ಅರ್ಥವಾಗಿಬಿಡುವ ಸಾವುಗಳನ್ನು ಕಂಡರೆ ಇನ್ಸ್‌ಪೆಕ್ಟರಿಗೆ ಆಗುತ್ತಿರಲಿಲ್ಲ. ಅವಳು ಗೋಡೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ ಮುದುಕರ ಹತ್ತಿರ ಹೋದಳು. ಸುದ್ದಿ ಮುಟ್ಟಿಸಿದವರು ಅವರೇ. ನಿವೃತ್ತ ಗಣಿತದ ಮೇಷ್ಟ್ರು, ಸತ್ತವನ ಜೀವದ ಗೆಳೆಯ. ಇಬ್ಬರಿಗೂ ಒಂದೇ ಹುಚ್ಚು.

"ಬೆಳಿಗ್ಗೆ ಫೋನ್ ಮಾಡಿದ್ದ," ಎಂದರು ಮೇಷ್ಟ್ರು. "ಬಾರೋ, ಒಂಚೂರು ಬಂದು ಹೋಗು ಅಂದ. ಬಂದು ನೋಡಿದ್ರೆ ಹೀಗೆ."

"ಏನಾದ್ರೂ ಮುಟ್ಟಿದ್ರಾ?"

"ಉಸಿರಿದೆಯಾ ಅಂತ ಮೂಗಿನ ಹತ್ರ ಕೈ ಹಿಡಿದೆ, ಅಷ್ಟೇ. ಬೇರೆ ಏನನ್ನೂ ಮುಟ್ಟಿಲ್ಲ."

"ನಿಮ್ಮ ಡಿಟೆಕ್ಟರ್ ಎಲ್ಲಿ?"

"ತಂದಿಲ್ಲಮ್ಮ. ಸುಮ್ಮನೆ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದಿದ್ದೆ."

ಇನ್ಸ್‌ಪೆಕ್ಟರ್ ಹೆಚ್ಚು ಕೆದಕಲಿಲ್ಲ.

* * *

ಮಧ್ಯಾಹ್ನ ಸತ್ತವನ ಮಗಳು ಠಾಣೆಗೆ ಬಂದಳು. ಆಸ್ಪತ್ರೆಯ ಕಾರ್ಯಾಗಾರದಲ್ಲಿ ಕೃತಕ ಕೈಕಾಲು ತಯಾರಿಸುವವಳು. ಉಗುರಿನ ಸಂದಿಯಲ್ಲಿ ಬಿಳಿ ಪ್ಲಾಸ್ಟರ್ ಇನ್ನೂ ಹಾಗೇ ಇತ್ತು. ಅತ್ತು ಮುಗಿಸಿ ಬಂದಿದ್ದಳೋ, ಅಳುವುದಕ್ಕೇ ಪುರುಸೊತ್ತಾಗಿರಲಿಲ್ಲವೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದಳು.

"ಮೇಡಂ, ಆ ಚೀಲ ಕಟ್ಟಿದ್ದು ನಾನು. ಅಪ್ಪ ಬಿದ್ದಿದ್ದು ಅದರಿಂದಾನಾ?"

ಸುದ್ದಿ ಅಷ್ಟರಲ್ಲೇ ಊರಿಡೀ ಹಬ್ಬಿತ್ತು. ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್‌ನ ಕಡೆ ಕೆಕ್ಕರಿಸಿ ನೋಡಿದಳು. ಆತ ಗೋಡೆಯ ಗಡಿಯಾರದ ಕಡೆ ನೋಡಿದ.

"ಯಾಕೆ ಕಟ್ಟಿದ್ರಿ? ಮೊದಲಿಂದ ಹೇಳಿ."

"ಅಂಗಡಿಯಿಂದ ತಂದಾಗ ಅದರ ಭಾರವೆಲ್ಲಾ ಮುಂದೇನೇ ಇತ್ತು. ತಟ್ಟೆ ದೂರದಲ್ಲಿರುತ್ತಲ್ಲಾ, ಅದು ಕೆಳಗೆ ಜಗ್ಗುತ್ತೆ. ಅದನ್ನ ಎತ್ತಿ ಹಿಡಿಯೋಕೆ ಮಣಿಕಟ್ಟು, ಭುಜ ಎರಡೂ ಒದ್ದಾಡಬೇಕು. ಅಪ್ಪಂಗೆ ಭುಜ ನೋವು. ಸಾಲದ್ದಕ್ಕೆ ಡಿಪೋದಲ್ಲಿ ಜಜ್ಜಿ ಹೋಗಿ ಎರಡು ಹೆಬ್ಬೆರಳಲ್ಲೂ ಶಕ್ತಿ ಇರ್ಲಿಲ್ಲ. ಆದ್ರೂ ಹಟ. ಹೋಗ್ಲೇಬೇಕು."

ಅವಳು ಬ್ಯಾಟರಿ ಡಬ್ಬಿಯನ್ನು ಬಿಚ್ಚಿ ಮೊಣಕೈಯ ಹಿಂದಕ್ಕೆ ತಂದಿದ್ದಳಂತೆ. ಸಾಲದ ತೂಕಕ್ಕೆ ಮೀನು ಹಿಡಿಯುವ ಬಲೆಯ ಸೀಸದ ಗುಂಡುಗಳನ್ನು ಚೀಲದಲ್ಲಿ ಹೊಲಿದಿದ್ದಳಂತೆ. ಮುಂಗೈ ಕೂರುವ ಆಸರೆಗೆ, ಕೃತಕ ಕಾಲಿನೊಳಗೆ ಹಾಕುವ ಮೆತ್ತೆಯನ್ನೇ ಕತ್ತರಿಸಿ ಅಂಟಿಸಿದ್ದಳಂತೆ. ಹೇಳುತ್ತ ಹೇಳುತ್ತ ಅವಳ ಧ್ವನಿಗೆ ಸ್ವಲ್ಪ ಜೀವ ಬಂತು.

"ಹಿಡಿಯ ಕೆಳಗೆ ಒಂದು ಬೆರಳಿಟ್ರೆ ಸಾಕು, ತಕ್ಕಡಿ ಹಾಗೆ ಸಮವಾಗಿ ನಿಲ್ಲೋದು. ಅಪ್ಪ ಅದನ್ನ ಬಂದೋರಿಗೆಲ್ಲಾ ತೋರಿಸೋರು. ನನ್ನ ಮಗಳು ಮಾಡಿದ್ದು ಅಂತ."

"ಈಗ ನಿಲ್ಲಿಸಿ ತೋರಿಸ್ತೀರಾ?"

ಯಂತ್ರವನ್ನು ತರಿಸಿದರು. ಬೆರಳಚ್ಚು ತಜ್ಞರು ನೋಡಿ ಕೈಚೆಲ್ಲಿದ್ದರು. ಕೆಸರಿನಲ್ಲಿ ಹುಡುಕುವವರೆಲ್ಲ ಕೈಗವಸು ಹಾಕುತ್ತಾರೆ. ಮಗಳು ಹಿಡಿಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಇನ್ನೊಂದು ಕೈ ಬಿಟ್ಟಳು.

ತಟ್ಟೆ ಧೊಪ್ಪನೆ ಕೆಳಗೆ ಹೋಯಿತು.

ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಮುಂದಕ್ಕೇ ವಾಲಿತು. ಅವಳ ಹುಬ್ಬು ಗಂಟಿಕ್ಕಿತು. ಕೋಲನ್ನು ತಿರುಗಿಸಿ ನೋಡಿದಳು. ಕೋಲಿನುದ್ದಕ್ಕೂ ತೂತುಗಳು, ತೂತಿಗೆ ಸಿಕ್ಕಿಕೊಳ್ಳುವ ಒಂದು ಸ್ಪ್ರಿಂಗ್ ಗುಂಡಿ.

"ಯಾರೋ ಕೋಲನ್ನ ಎಳೆದು ಉದ್ದ ಮಾಡಿದಾರೆ. ಅಪ್ಪನ ಅಳತೆ ಇಲ್ಲಿ, ನಾನು ಬಣ್ಣ ಹಚ್ಚಿದೀನಿ ನೋಡಿ. ಇದೀಗ ಕಟ್ಟಕಡೆಯ ತೂತಲ್ಲಿದೆ. ಮುಂಗೈ ಆಸರೇನೂ ಹಿಂದಕ್ಕೆ ಸರಿಸಿದಾರೆ."

"ಅಪ್ಪಾನೇ ಮಾಡಿರಬಹುದಲ್ಲಾ?"

"ಆಗಲ್ಲ ಮೇಡಂ. ಈ ಗುಂಡಿ ಒತ್ತೋಕೆ ಹೆಬ್ಬೆರಳಲ್ಲಿ ಕಸುವು ಬೇಕು. ಅಪ್ಪಂಗೆ ಅದು ಸಾಧ್ಯಾನೇ ಇರ್ಲಿಲ್ಲ. ಅದಕ್ಕೇ ಯಂತ್ರಾನ ಮಡಚದೆ ಇಡಿಯಾಗಿ ಹೊತ್ಕೊಂಡು ಓಡಾಡೋರು."

ಇನ್ಸ್‌ಪೆಕ್ಟರ್ ನಿಧಾನವಾಗಿ ಹಿಂದಕ್ಕೆ ಒರಗಿದಳು. ಹಿಂದಕ್ಕೆ ಎಳೆದು ಬೀಳಿಸಿತು ಎನ್ನುತ್ತಿದ್ದ ಯಂತ್ರ ಮುಂದಕ್ಕೆ ವಾಲುತ್ತಿತ್ತು. ಹೆಡ್ ಕಾನ್‌ಸ್ಟೇಬಲ್‌ನ ಊಟ ಆವತ್ತು ತಣ್ಣಗಾಯಿತು.

"ಹಾಗಾದ್ರೆ ಅಪ್ಪ ಬಿದ್ದಿದ್ದು..."

"ಗೊತ್ತಿಲ್ಲ," ಎಂದಳು ಇನ್ಸ್‌ಪೆಕ್ಟರ್. "ಗೊತ್ತಾದ ದಿನ ನಾನೇ ಬಂದು ಹೇಳ್ತೀನಿ. ಅಲ್ಲೀವರೆಗೆ ನಿಮ್ಮನ್ನ ನೀವು ಬೈಕೋಬೇಡಿ."

ಮಗಳು ತಲೆಯಾಡಿಸಿದಳು. ಬೈದುಕೊಳ್ಳುವುದನ್ನು ಅವಳು ನಿಲ್ಲಿಸುವುದಿಲ್ಲ ಎಂಬುದು ಇನ್ಸ್‌ಪೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು.

* * *

ಮೊದಲು ಅನುಮಾನ ಬಂದದ್ದು ಜಲಾಶಯದ ಕಾವಲುಗಾರನ ಮೇಲೆ. ಅವನಿಗೂ ಮೆಕ್ಯಾನಿಕ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕೆಸರಿಗೆ ಇಳಿಯಬೇಡ ಎಂದು ಇವನು, ಇಳಿದೇ ಇಳಿಯುತ್ತೇನೆ ಎಂದು ಅವನು. ಕಾವಲು ಕೋಣೆಯ ಮಂಚದಡಿ ಹುಡುಕಿದಾಗ ಸತ್ತವನ ಕೈಗುದ್ದಲಿಯೇ ಸಿಕ್ಕಿತು. ಹೆಡ್ ಕಾನ್‌ಸ್ಟೇಬಲ್ ಬೇಡಿ ತೆಗೆದ.

"ಅಯ್ಯೋ, ನಾನು ಅವರನ್ನ ಮುಟ್ಟಿಲ್ಲ ಮೇಡಂ!" ಕಾವಲುಗಾರ ಎರಡೂ ಕೈ ಎತ್ತಿದ. "ಗುದ್ದಲಿ ಬಿದ್ದಿತ್ತು, ಎತ್ಕೊಂಡು ಬಂದೆ. ಬೇಕಾದ್ರೆ ಬಂದು ಕೇಳಲಿ, ಆಗ ನಾಲ್ಕು ಮಾತು ಅಂದು ಕೊಡೋಣ ಅಂತ. ಅವರು ಸತ್ತಿರೋದು ನಂಗೇನು ಗೊತ್ತು?"

"ಎಲ್ಲಿ ಬಿದ್ದಿತ್ತು? ಗೋಡೆ ಹತ್ರಾನಾ?"

"ಅಲ್ಲ, ಆ ಒಣಮರದ ಬೊಡ್ಡೆ ಹತ್ರ. ಪಕ್ಕದಲ್ಲೇ ಒಂದು ಗುಂಡಿ ತೋಡಿ ಹಾಗೇ ಬಿಟ್ಟು ಹೋಗಿದ್ರು. ನಂಗೇ ಆಶ್ಚರ್ಯ ಆಯ್ತು."

"ಯಾಕೆ ಆಶ್ಚರ್ಯ?"

"ಜಗಳ ಎಷ್ಟೇ ಆಡಲಿ, ತೋಡಿದ ಗುಂಡಿ ಮುಚ್ಚದೆ ಹೋದವರಲ್ಲ ಅವರು. ಮುಚ್ಚಿ, ಕಾಲಲ್ಲಿ ತುಳಿದು, ನನ್ನ ಕಡೆ ನೋಡಿ ಸಲಾಂ ಹೊಡೀತಿದ್ರು. ಅದನ್ನ ನೋಡಿದ್ರೇ ನಂಗೆ ಮೈ ಉರಿಯೋದು."

ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿತು. ಇನ್ಸ್‌ಪೆಕ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಕಡೆಯ ತೂತಿಗೆ ಎಳೆದ ಆ ಕೋಲನ್ನು ಹಿಡಿದರೆ ಇವನ ಮೊಣಕೈ ಕಿವಿ ಮುಟ್ಟಬೇಕು.

"ಬೇಡಿ ಒಳಗಿಡ್ರೀ," ಎಂದಳು. "ಬೊಡ್ಡೆ ಹತ್ರ ಅಗೆಯೋಕೆ ಜನ ಕರೀರಿ."

ಸಂಜೆಗೆ ಮೊದಲೇ ಕೆಸರಿನಿಂದ ಮೂಳೆಗಳು ಹೊರಬಂದವು. ಸರಪಳಿ ಸುತ್ತಿದ ರುಬ್ಬುಗಲ್ಲೊಂದು ಜೊತೆಗಿತ್ತು. ಹೆಂಗಸಿನ ಮೂಳೆ, ನೀರಲ್ಲಿದ್ದು ಬಹಳ ವರ್ಷವಾಗಿದೆ ಎಂದರು ಡಾಕ್ಟರು. ಮುಂಗೈಯ ಮೂಳೆಯಲ್ಲಿ ಸಾಲಾಗಿ ಸಣ್ಣ ತೂತುಗಳು. ಹಿಂದೊಮ್ಮೆ ಮುರಿದ ಕೈಗೆ ಉಕ್ಕಿನ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದ ಗುರುತು. ಒಂದೆರಡು ಸ್ಕ್ರೂ ಕೆಸರಲ್ಲೇ ಸಿಕ್ಕವು. ಪಟ್ಟಿ ಮಾತ್ರ ಇರಲಿಲ್ಲ.

ಊರಲ್ಲಿ ಕಾಣೆಯಾದ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಕಾಣೆಯಾದವರು ಯಾರೂ ಇರಲಿಲ್ಲ. ಮನೆ ಬಿಟ್ಟು ಹೋದವಳು ಒಬ್ಬಳಿದ್ದಳು. ಅವಳ ಗಂಡನ ಮೇಲೆ ಊರೆಲ್ಲ ಅಯ್ಯೋ ಪಾಪ ಎಂದು ಮರುಕ ಪಟ್ಟಿತ್ತು.

* * *

ಮೇಷ್ಟ್ರ ಮನೆಯ ನಡುಬಾಗಿಲು ಗಿಡ್ಡ. ಅವರು ತಲೆ ಬಗ್ಗಿಸಿ ಹೊರಗೆ ಬಂದು, ಕುರ್ಚಿ ಎಳೆದು ಕೂರಿಸಿದರು. ಬೊಡ್ಡೆಯ ಹತ್ತಿರ ಅಗೆದ ಸುದ್ದಿ ಅವರನ್ನು ಇನ್ನೂ ಮುಟ್ಟಿರಲಿಲ್ಲ. ಈ ಸಲ ಹೆಡ್ ಕಾನ್‌ಸ್ಟೇಬಲ್ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವನ ಕೈಯಲ್ಲಿ ಸತ್ತವನ ಡಿಟೆಕ್ಟರ್ ಇತ್ತು. ಮಗಳ ಕೈಯಲ್ಲೇ ಅದನ್ನು ಬಣ್ಣದ ಗುರುತಿಗೆ ಮರಳಿ ತಂದು ಇಟ್ಟಿದ್ದರು.

"ನಿಮ್ಮಿಂದ ಒಂದು ಸಹಾಯ ಆಗಬೇಕಿತ್ತು ಸರ್," ಎಂದಳು ಇನ್ಸ್‌ಪೆಕ್ಟರ್. "ನಮಗೆ ಈ ಯಂತ್ರದ ತಲೆಬುಡ ತಿಳಿಯಲ್ಲ. ಇದನ್ನ ಹಿಡ್ಕೊಂಡು ಹೇಗೆ ಹುಡುಕ್ತಾರೆ? ಅಂಗಳದಲ್ಲಿ ಒಂದು ಸುತ್ತು ತೋರಿಸ್ತೀರಾ?"

ಮೇಷ್ಟ್ರಿಗೆ ಕಲಿಸುವುದೆಂದರೆ ಪ್ರಾಣ. ಎದ್ದು ಅಂಗಳಕ್ಕೆ ಇಳಿದು ಯಂತ್ರ ತೆಗೆದುಕೊಂಡರು. ಮುಂಗೈಯನ್ನು ಆಸರೆಗೆ ತೂರಿಸಿದರು. ಒಂದು ಹೆಜ್ಜೆ ಇಟ್ಟರು. ಬೆನ್ನು ಬಾಗಿತು, ಮುಖ ಸಿಂಡರಿಸಿತು. ಸರಕ್ಕನೆ ಕೈ ಹೊರತೆಗೆದರು. ಹೆಬ್ಬೆರಳು ಸ್ಪ್ರಿಂಗ್ ಗುಂಡಿಯನ್ನು ಒತ್ತಿತು. ಕೋಲು ಸರ್ರನೆ ಉದ್ದವಾಗಿ ಕಡೆಯ ತೂತಿನಲ್ಲಿ ಟಕ್ ಎಂದು ಕೂತಿತು. ಆಸರೆಯನ್ನು ಹಿಂದಕ್ಕೆ ಸರಿಸಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ತಟ್ಟೆಯನ್ನು ಎಡಕ್ಕೆ ಬಲಕ್ಕೆ ತೂಗುತ್ತ ಹೊರಟರು.

"ಮೊದಲು ಯಂತ್ರ ನಮ್ಮ ಮೈಗೆ ಹೊಂದಬೇಕಮ್ಮ," ಎಂದರು. "ಇಲ್ಲಾಂದ್ರೆ ಎರಡು ನಿಮಿಷಕ್ಕೇ ಬೆನ್ನು ಬಿದ್ದುಹೋಗುತ್ತೆ."

"ಹೌದಲ್ವಾ," ಎಂದಳು ಇನ್ಸ್‌ಪೆಕ್ಟರ್. "ಅಲ್ಲೇ ನಿಲ್ಲಿ ಸರ್. ಹೆಣದ ಪಕ್ಕ ಈ ಯಂತ್ರ ಇದೇ ಅಳತೇಲಿ ಬಿದ್ದಿತ್ತು. ಇದೇ ತೂತು, ಆಸರೆ ಇದೇ ಜಾಗ. ನೀವು ಏನೂ ಮುಟ್ಟಿಲ್ಲ ಅಂದಿದ್ರಿ."

ತೂಗುತ್ತಿದ್ದ ತಟ್ಟೆ ನಿಂತಿತು. ಮೇಷ್ಟ್ರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

"ನಿಮ್ಮ ಗೆಳೆಯರ ಹೆಬ್ಬೆರಳಿಗೆ ಆ ಗುಂಡಿ ಒತ್ತೋಕೆ ಆಗ್ತಿರ್ಲಿಲ್ಲ. ಕಾವಲುಗಾರ ಗಿಡ್ಡ. ಹುಡುಕಿ ಅಭ್ಯಾಸ ಇರೋ ಎತ್ತರದ ಮನುಷ್ಯ ಮಾತ್ರ ಕೈಗೆತ್ಕೊಂಡ ಕೂಡ್ಲೇ ಹೀಗೆ ಮಾಡ್ತಾನೆ, ಯೋಚನೇನೂ ಮಾಡಲ್ಲ. ಗೋಡೆ ಕೆಳಗೆ ನೀವು ಹುಡುಕಿದ್ದು ಉಕ್ಕಿನ ಪಟ್ಟೀನಾ? ನಿಮ್ಮ ಹೆಂಡತಿಯ ಮುಂಗೈಗೆ ಕೂರಿಸಿದ್ದ ಪಟ್ಟಿ? ಬೊಡ್ಡೆ ಹತ್ರ ಉಳಿದದ್ದೆಲ್ಲಾ ಸಿಕ್ಕಿದೆ ಸರ್."

ಮೇಷ್ಟ್ರು ಯಂತ್ರವನ್ನು ಜೋಪಾನವಾಗಿ ನೆಲಕ್ಕಿಟ್ಟು, ಜಗಲಿಯ ಮೇಲೆ ಕುಸಿದು ಕೂತರು.

"ಅವಳ ಕೈ ಮುರಿದಿದ್ದೂ ನಾನೇ," ಎಂದರು ಕಡೆಗೆ. "ಆಮೇಲೆ ಒಂದಿನ ಕೈ ಮೀರಿಹೋಯ್ತು. ದೋಣೀಲಿ ಹಾಕ್ಕೊಂಡು ಹೋದೆ. ನೀರು ಅಷ್ಟು ಇಳಿಯುತ್ತೆ ಅಂತ ಯಾರು ಕಂಡಿದ್ರು? ಇವನನ್ನ ಆ ಕಡೆ ಹೋಗದ ಹಾಗೆ ತಡೆದೂ ತಡೆದೂ ಸಾಕಾಗಿತ್ತು."

"ಅವರಿಗೆ ಗೊತ್ತಾಗಿತ್ತಾ?"

"ಇಲ್ಲ. ಅದೇನು ಅಂತಾನೇ ತಿಳಿದಿರ್ಲಿಲ್ಲ. ಗೋಡೆ ಮೇಲೆ ನಿಂತು ಮಗು ಥರ ಕೈ ಚಾಚಿ ತೋರಿಸಿದ. ಎಸೆದುಬಿಡೋ, ಗುಜರಿ ಅಂದೆ. ಕೇಳ್ಲಿಲ್ಲ. ಇಲ್ಲ ಕಣೋ, ನನ್ನ ಮಗಳಿಗೆ ತೋರಿಸ್ತೀನಿ, ಅವಳಿಗೆ ಗೊತ್ತಿಲ್ಲದ್ದು ಯಾವುದಿದೆ ಅಂದ."

ಮೇಷ್ಟ್ರು ತಳ್ಳಿದ ರಭಸಕ್ಕೆ ಪಟ್ಟಿ ಗೆಳೆಯನ ಕೈಯಿಂದ ಜಾರಿ ಕಲ್ಲಿನ ಸಂದಿಗೆ ಬಿದ್ದಿತ್ತು. ಗೆಳೆಯನ ಹೆಣದ ಪಕ್ಕದಲ್ಲಿ, ಗೆಳೆಯನ ಯಂತ್ರದಿಂದಲೇ ಹುಡುಕಿ ತೆಗೆದಿದ್ದರು. ಒಳಗಿನ ಬೀರುವಿನಲ್ಲಿ, ಅವಳ ಸೀರೆಗಳ ಅಡಿಯಲ್ಲಿ ಅದು ಸಿಕ್ಕಿತು.

* * *

ಕಾರ್ಯಾಗಾರದ ಕಪಾಟಿನ ತುಂಬ ಪ್ಲಾಸ್ಟರಿನ ಪಾದಗಳು. ಮಗಳು ಯಾರದೋ ಕಾಲಿನ ಅಚ್ಚನ್ನು ಉಜ್ಜುತ್ತಿದ್ದಳು. ಇನ್ಸ್‌ಪೆಕ್ಟರನ್ನು ಕಂಡು ಕೈ ನಿಲ್ಲಿಸಿದಳು.

"ಚೀಲ ಅಲ್ಲ," ಎಂದಳು ಇನ್ಸ್‌ಪೆಕ್ಟರ್, ಮೊದಲ ಮಾತಿಗೇ. "ತಳ್ಳಿದ್ದು. ನೀವು ಅಷ್ಟು ಸಮವಾಗಿ ತೂಗಿಸಿ ಇಟ್ಟಿರದಿದ್ರೆ ನಮಗೆ ಏನೂ ಗೊತ್ತಾಗ್ತಿರ್ಲಿಲ್ಲ. ಅವನನ್ನ ಹಿಡಿದುಕೊಟ್ಟಿದ್ದು ನಿಮ್ಮ ಕೆಲಸ."

ಮೇಷ್ಟ್ರು ಎಂದು ತಿಳಿದಾಗ ಅವಳು ಕೈಲಿದ್ದ ಅಚ್ಚನ್ನು ಮೇಜಿನ ಮೇಲಿಟ್ಟಳು. ಚಿಕ್ಕಂದಿನಿಂದ ಮೇಷ್ಟ್ರು ಮಾಮ ಎಂದು ಕರೆದವಳು. ಲೆಕ್ಕ ಹೇಳಿಕೊಟ್ಟವರು ಅವರೇ.

ತಂದೆಯ ಕೊನೆಯ ಮಾತನ್ನು ಇನ್ಸ್‌ಪೆಕ್ಟರ್ ನುಂಗಿಕೊಳ್ಳಬಹುದಿತ್ತು. ಆದರೆ ನಾಳೆ ಕೋರ್ಟಿನಲ್ಲಿ ವಕೀಲರ ಬಾಯಿಂದ ಕೇಳುವುದಕ್ಕಿಂತ ತನ್ನಿಂದ ಕೇಳಲಿ ಎನಿಸಿತು. ತಂದೆ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಹೇಳಿದಳು.

ಮಗಳು ಬಿಕ್ಕಿಬಿಕ್ಕಿ ಅತ್ತಳು. ಇನ್ಸ್‌ಪೆಕ್ಟರ್ ಹೆಗಲ ಮೇಲೆ ಕೈಯಿಟ್ಟು ನಿಂತಳು. ಅಳು ಇಳಿದ ಮೇಲೆ ಮಗಳು ಮುಖ ಒರೆಸಿಕೊಂಡಳು.

"ತೋರಿಸಿದ್ರೆ ನಂಗೆ ಗೊತ್ತಾಗ್ತಿತ್ತು," ಎಂದಳು. "ನೋಡಿದ ತಕ್ಷಣ ಹೇಳ್ತಿದ್ದೆ. ಅಪ್ಪ ಸರಿಯಾಗೇ ಹೇಳಿದ್ರು."

"ಕೇಸು ಮುಗಿಯೋವರೆಗೂ ಯಂತ್ರ ನಮ್ಮ ಹತ್ರಾನೇ ಇರಬೇಕು. ಆಮೇಲೆ ತಂದುಕೊಡ್ತೀನಿ."

"ತರೋವಾಗ ಕೋಲನ್ನ ಬಣ್ಣದ ಗುರುತಿಗೆ ತಳ್ಳಿಬಿಡಿ ಮೇಡಂ," ಎಂದಳು ಮಗಳು. "ಅಪ್ಪನ ಅಳತೇಲೇ ಇರಲಿ."