ಅವಳು ಒರೆಸಿದ ಗೆರೆ

"ಈ ಗೋಡೆ ಕಟ್ಟಿದವನು ಯಾರ್ರೀ? ಕಣ್ಣು ಮುಚ್ಕೊಂಡು ಕಟ್ಟಿದ್ನಾ?!"

ಬಡಗಿ ಅಡುಗೆಮನೆಗೆ ಕಾಲಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಗೋಡೆಯುದ್ದಕ್ಕೂ ನೂಲು ಹಿಡಿದು ನೋಡಿದವನೇ ಮನೆಯೆಲ್ಲ ಕೇಳುವಂತೆ ಹೀಗೆಂದುಬಿಟ್ಟ.

ಅವನನ್ನು ಕರೆಸಿದ್ದ ಮನೆಮಗಳು ಗಾಬರಿಯಿಂದ ಬಾಗಿಲತ್ತ ತಿರುಗಿದಳು. ಪಕ್ಕದ ಕೋಣೆಯಲ್ಲೇ ಅಪ್ಪ ಕೂತಿದ್ದಾರೆ!

"ಮೆಲ್ಲಗೆ ಮಾತಾಡ್ರೀ! ನಿಮ್ಮನ್ನ ಕರೆಸಿದ್ದು ಕಟ್ಟೆ ಮೇಲೆ ಲ್ಯಾಮಿನೇಟ್ ಹಲಗೆ ಕೂರಿಸೋಕೆ. ಗೋಡೆಗೆ ಜಾತಕ ಬರೆಯೋಕಲ್ಲ."

"ಮಧ್ಯದಲ್ಲಿ ಎರಡು ಬೆರಳು ಉಬ್ಬಿದೆ ಮೇಡಂ. ಹಲಗೆ ನೇರ ಇದೆ. ಎರಡೂ ತುದಿಗೆ ಸಂದು ಬೀಳುತ್ತೆ. ಉಬ್ಬನ್ನ ಒಡೆದು ತೆಗೆಯೋಣ."

"ಗೋಡೆ ಮುಟ್ಟಿದ್ರೆ ಹುಷಾರ್! ಸಂದೂ ಇರಬಾರ್ದು, ಮೇಲೆ ಪಟ್ಟಿ ಹೊಡೆದು ಮುಚ್ಚಲೂಬಾರ್ದು."

"ಹಾಗಾದ್ರೆ ಹೇಗೆ ಕೂರುತ್ತೆ?"

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ!"

ಅವಳು ಹೊಲಿಗೆಯವಳು. ಬೀದಿಯವರು ಅವಳನ್ನು 'ಕತ್ತರಿ' ಎಂದು ಕರೆಯುತ್ತಿದ್ದುದು ಬರೀ ಹೊಲಿಗೆಯಿಂದಲ್ಲ ಬಿಡಿ. ಆದರೆ ಆ ದಿನ ಅವಳನ್ನು ಸುಟ್ಟದ್ದು ಕೋಪವಲ್ಲ, ಭಯ.

ಮರುದಿನ ಬಡಗಿ ಮುಖ ಗಂಟಿಕ್ಕಿಕೊಂಡೇ ಬಂದ. ಹಲಗೆಯನ್ನು ಗೋಡೆಗೆ ತಾಗಿಸಿ ಇಟ್ಟ. ಪೆನ್ಸಿಲ್ಲನ್ನು ಪುಟ್ಟ ಮರದ ತುಂಡಿಗೆ ಒತ್ತಿ ಹಿಡಿದು, ಆ ತುಂಡನ್ನು ಗೋಡೆಯುದ್ದಕ್ಕೂ ಸರಿಸುತ್ತಾ ಹಲಗೆಯ ಮೇಲೆ ಒಂದು ಗಂಟೆ ಗೆರೆ ಎಳೆದ. ಒಂದು ಮಾತೂ ಆಡದೆ ಗರಗಸ ತರಲು ಹೋದ.

ಅವಳು ಬಂದು ನೋಡಿದಳು. ಬಿಳಿ ಹಲಗೆಯ ಮೇಲೆ ಹಾವು ಹರಿದಂಥ ಗೆರೆ!

'ಅಯ್ಯೋ ಕರ್ಮವೇ! ಗೆರೆ ನೆಟ್ಟಗೆ ಎಳೆಯಲು ಬಾರದವನು ನನ್ನಪ್ಪನ ಗೋಡೆಯನ್ನು ಆಡಿಕೊಂಡನಲ್ಲ!'

ಒದ್ದೆ ಬಟ್ಟೆ ತಂದು ಉಜ್ಜಿ ಒರೆಸಿದಳು. ತನ್ನ ಹೊಲಿಗೆಯ ಸ್ಕೇಲ್ ಇಟ್ಟು ನೇರವಾಗಿ ಒಂದು ಗೆರೆ ಎಳೆದಳು.

"ಗೆರೆ ಎಲ್ಲಿ?" ಬಾಗಿಲಲ್ಲಿ ಗರಗಸ ಹಿಡಿದು ನಿಂತಿದ್ದ ಅವನು.

"ಆ ಹಾವಾ? ಒರೆಸ್ದೆ. ನೇರವಾಗಿ ಎಳೆದಿದೀನಿ. ಬೇಕಾದ್ರೆ ನೋಡಿ ಕಲೀರಿ."

"ನಿಮಗೆ ತಲೆ ನೆಟ್ಟಗಿದೆಯಾ?! ಗೋಡೆ ಎಲ್ಲೆಲ್ಲಿ ಉಬ್ಬಿದೆಯೋ ಅದನ್ನೇ ಹಲಗೆ ಮೇಲೆ ಇಳಿಸಿದ್ದೆ. ಆ ಗೆರೆಗೆ ಹಲಗೆ ಕೊರೆದ್ರೆ ಸಂದೇ ಬೀಳಲ್ಲ. ಗೋಡೆ ಮುಟ್ಬೇಡಿ ಅಂದೋರು ನೀವೇ ತಾನೆ?"

ಅವಳ ಮುಖ ಪೆಚ್ಚಾಯಿತು. ಆದರೂ ಸೋಲುವವಳೇ?

"ಮೊದ್ಲೇ ಹೇಳೋಕೆ ಬಾಯಿಗೆ ಬೀಗ ಹಾಕಿದ್ರಾ?"

"ಹೇಳೋಕೆ ಬಿಟ್ರಾ ನೀವು? ಅಷ್ಟಕ್ಕೂ ಈ ಸೊಟ್ಟ ಗೋಡೆ ಮೇಲೆ ಏನ್ರೀ ಅಷ್ಟು ಪ್ರೀತಿ?"

ಅವಳ ಕಣ್ಣು ತುಂಬಿಬಂತು. ಪಕ್ಕದ ಕೋಣೆಗೆ ಕೇಳದಂತೆ ದನಿ ತಗ್ಗಿಸಿದಳು.

"ನಮ್ಮಪ್ಪ ಗಾರೆ ಮೇಸ್ತ್ರಿ... ಇದು ಅವರ ಕೊನೇ ಗೋಡೆ. ಆಗ್ಲೇ ಕಣ್ಣು ಮಂಜಾಗ್ತಿತ್ತು, ಯಾರಿಗೂ ಹೇಳಿರ್ಲಿಲ್ಲ. ಈಗ ಏನೂ ಕಾಣ್ಸಲ್ಲ. ಗೋಡೆ ನೂಲು ಹಿಡಿದ ಹಾಗಿದೆ ಅಂತ ಆರು ವರ್ಷದಿಂದ ಹೇಳ್ತಾ ಬಂದಿದೀನಿ. ಹಲಗೆ ಕೂತ ತಕ್ಷಣ ಬೆರಳಾಡಿಸಿ ನೋಡ್ತಾರೆ. ಸಂದಿಗೆ ಬೆರಳು ಹೋದ್ರೆ..."

ಕಣ್ಣು ಮುಚ್ಚಿಕೊಂಡು ಕಟ್ಟಿದನಾ ಎಂದು ಕೇಳಿದ ನಾಲಿಗೆಯನ್ನು ಬಡಗಿ ಕಚ್ಚಿಕೊಂಡ. ಮೊಣಕಾಲೂರಿ ಕೂತು ಮತ್ತೆ ಮೊದಲಿನಿಂದ ಗೆರೆ ಎಳೆಯತೊಡಗಿದ.

ಸಂಜೆ ಹಲಗೆ ಕೂತಿತು. ಅಪ್ಪ ತಡವರಿಸುತ್ತ ಬಂದರು. ಗೋಡೆ, ಹಲಗೆ ಸೇರುವ ಕಡೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಬೆರಳು ಸರಿಸಿದರು. ಅವಳು ಆ ಬೆರಳನ್ನೇ ನೋಡುತ್ತ ನಿಂತಳು.

"ಗೋಡೆ ಹೇಗಿದೆಯಪ್ಪಾ?" ಎಂದು ಬಡಗಿಯನ್ನೇ ಕೇಳಿದರು.

ಅವಳು ಅವನತ್ತ ಕೈಮುಗಿದೇಬಿಟ್ಟಳು.

"ನೂಲು ಹಿಡಿದ ಹಾಗಿದೆ ಯಜಮಾನ್ರೇ. ನನಗೆ ಕೆಲಸವೇ ಇರ್ಲಿಲ್ಲ."

ಅಪ್ಪ ಗಹಗಹಿಸಿ ನಕ್ಕರು!

"ನಿನ್ನೆ ಬೇರೆ ಏನೋ ಕಿರುಚಿದ್ಯಲ್ಲ? ನನಗೆ ಹೋಗಿರೋದು ಕಣ್ಣಪ್ಪಾ, ಕಿವಿಯಲ್ಲ. ಆ ಉಬ್ಬು ಗಿಲಾವು ಒಣಗೋ ಮೊದ್ಲೇ ನನ್ನ ಕೈಗೆ ಗೊತ್ತಾಗಿತ್ತು." ಮಗಳ ತಲೆ ಸವರಿದರು. "ನೀನು ಅಷ್ಟು ಆಸೆಯಿಂದ ಸುಳ್ಳು ಹೇಳ್ತಿದ್ಯಲ್ಲ ಪುಟ್ಟೀ... ನಿನ್ನ ಮನಸ್ಸು ಮುರಿಯೋಕೆ ಆಗ್ಲಿಲ್ಲ."

ಅವಳು ಅಪ್ಪನ ಎದೆಗೊರಗಿ ಬಿಕ್ಕಿಬಿಕ್ಕಿ ಅತ್ತಳು.

ಬಡಗಿ ಸದ್ದಿಲ್ಲದೆ ಚೀಲ ಕಟ್ಟಿ ಹೊರಟ. ಬಾಗಿಲವರೆಗೆ ಅವಳು ಹಿಂದೆಯೇ ಬಂದಳು.

"ಅಪ್ಪನಿಗೋಸ್ಕರ ಸುಳ್ಳು ಹೇಳಿದ್ರಲ್ಲ..."

"ಅವರಿಗಲ್ಲ. ನಿಮಗೋಸ್ಕರ ಹೇಳ್ದೆ."

'ಹಾಳಾದವನು! ಎರಡು ದಿನ ಜಗಳವಾಡಿ ಈಗ ಹೀಗೆ ಹೇಳಿದರೆ ನಾನು ಏನು ಮಾಡಲಿ?'

"ನಾಳೆ ಬರ್ಲಾ?"

"ಏನ್ ಕೆಲಸ ಉಳಿದಿದೆ?"

"ಏನೂ ಇಲ್ಲ. ನಿಮ್ಮನ್ನ ನೋಡ್ಬೇಕು ಅನ್ಸುತ್ತೆ. ಬೈದ್ರೂ ಪರವಾಗಿಲ್ಲ."

ಅವಳು ತಲೆ ತಗ್ಗಿಸಿ, ಅವನು ಕಟ್ಟೆಯ ಮೇಲೆ ಮರೆತಿದ್ದ ಪೆನ್ಸಿಲ್ಲನ್ನು ಚಾಚಿದಳು.

"ನಿಮ್ಮ ಹತ್ರಾನೇ ಇರ್ಲಿ," ಎಂದ ಅವನು. "ಒರೆಸೋಕೆ ಗೆರೆ ಬೇಕಾಗುತ್ತಲ್ಲ!"

"ಇನ್ಮೇಲೆ ಒರೆಸಲ್ಲ... ನಾಳೆ ಬೇಗ ಬನ್ನಿ."