ವಾರಿಜಮ್ಮನ ಎರಡು ಫ್ಲಾಸ್ಕ್‌ಗಳು

"ನಮ್ಮಮ್ಮ ಇಲ್ಲಿದ್ದಾರಂತೆ. ನೋಡಬಹುದಾ ಮೇಡಂ?"

ಜೆ.ಪಿ. ನಗರದ ಆ ಲ್ಯಾಬಿನ ಬಾಗಿಲಲ್ಲಿ ನಿಂತವನನ್ನು ನೋಡಿ ಸಮನ್ವಿತಾ ಎದ್ದು ಬಂದಳು. ಬೋಳಿಸಿದ ತಲೆ, ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ತಾಯಿಯ ಸಹಿಯಿದ್ದ ಒಪ್ಪಿಗೆ ಪತ್ರ. ಹೆಸರು ಚೈತನ್ಯ. ಜಯನಗರದವನು.

ಅವನ ತಾಯಿ ವಾರಿಜಮ್ಮ ಕ್ಯಾನ್ಸರಿನಿಂದ ತೀರಿಕೊಂಡು ತಿಂಗಳಾಗಿತ್ತು. ಆಪರೇಷನ್ ದಿನ ಆಕೆ ಚರ್ಮದ ಒಂದು ಚೂರನ್ನೂ ಗಡ್ಡೆಯ ಒಂದು ಚೂರನ್ನೂ ಸಂಶೋಧನೆಗೆ ಕೊಟ್ಟಿದ್ದರು. ಎರಡೂ ಬೇರೆ ಬೇರೆ ಫ್ಲಾಸ್ಕಿನಲ್ಲಿ ಬೆಳೆಯುತ್ತಿದ್ದವು. ಸಾಕುತ್ತಿದ್ದವಳು ಸಮನ್ವಿತಾ.

ಆ ಕಣ್ಣಿಗೆ 'ಇಲ್ಲ' ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮೇಲಿನವರನ್ನು ಕಾಡಿ ಬೇಡಿ ಅನುಮತಿ ತಂದು, ಚರ್ಮದ ಫ್ಲಾಸ್ಕನ್ನು ಮೈಕ್ರೋಸ್ಕೋಪಿನಡಿ ಇಟ್ಟಳು.

"ಇವೆಲ್ಲ ಅಮ್ಮನ ಜೀವಕೋಶಗಳು. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ."

ಅವನು ತುಂಬ ಹೊತ್ತು ನೋಡಿದ. "ಇನ್ನೂ ಇದ್ದಾಳೆ..." ಎಂದ ಮೆಲ್ಲಗೆ.

ಅಂದಿನಿಂದ ಪ್ರತಿ ತಿಂಗಳು ಮಾಸಿಕದ ಕರ್ಮ ಮುಗಿಸಿ ನೇರವಾಗಿ ಇಲ್ಲಿಗೇ ಬರುತ್ತಿದ್ದ. ಬರುವಾಗ ಅಮ್ಮ ನೆಟ್ಟ ಗಿಡದ ಕರಿಬೇವು ತಂದು ಅವಳ ಕೈಗಿಡುತ್ತಿದ್ದ. ಮಲ್ಲಿಗೆ ಕೊಟ್ಟಿದ್ದರೂ ಅವಳಿಗೆ ಅಷ್ಟು ಖುಷಿಯಾಗುತ್ತಿರಲಿಲ್ಲವೇನೋ. ತಿಂಗಳಿನ ಉಳಿದ ದಿನಗಳನ್ನು ಅವಳು ಎಣಿಸತೊಡಗಿದಳು.

ವಾರಿಜಮ್ಮ ತೀರಿಕೊಂಡ ಎಂಟನೇ ತಿಂಗಳು ಚರ್ಮದ ಕೋಶಗಳು ನಿಂತುಬಿಟ್ಟವು. ಸತ್ತಿರಲಿಲ್ಲ, ಮುಪ್ಪಾಗಿದ್ದವು. ಇನ್ನು ಒಂದು ಎರಡಾಗುವುದಿಲ್ಲ.

ಹೊರಗೆ ಅವನು ಚಪ್ಪಲಿ ಬಿಟ್ಟ ಸದ್ದಾಯಿತು.

'ಇವನಿಗೆ ಹೇಗೆ ಹೇಳಲಿ...'

ಅವಳ ಕೈ ಪಕ್ಕದ ಫ್ಲಾಸ್ಕಿಗೆ ಹೋಯಿತು. ಗಡ್ಡೆಯದ್ದು. ಅದು ಕಿಕ್ಕಿರಿದು ಬೆಳೆದಿತ್ತು. ಏನೂ ಹೇಳದೆ ಅದನ್ನೇ ಮೈಕ್ರೋಸ್ಕೋಪಿನಡಿ ಇಟ್ಟಳು.

"ಅಮ್ಮ ಚೆನ್ನಾಗಿದ್ದಾಳಲ್ಲಾ," ಎಂದು ಅವನು ನಕ್ಕ. ಎಂಟು ತಿಂಗಳಲ್ಲಿ ಮೊದಲ ಸಲ.

ಆ ನಗುವಿಗಾಗಿ ಅವಳು ಮೂರು ತಿಂಗಳು ಅದೇ ಸುಳ್ಳನ್ನು ಸಾಕಿದಳು. ಎಷ್ಟು ಓದಿದರೇನು, ಮನಸೋತವರ ಬುದ್ಧಿ ಅಷ್ಟೇ ನೋಡಿ.

ಹನ್ನೊಂದನೇ ತಿಂಗಳು ಅವನೇ ಕೇಳಿದ. "ಮುಂದಿನ ತಿಂಗಳು ವರ್ಷಾಬ್ದಿಕ. ಇದರದ್ದೊಂದು ಫೋಟೋ ಕೊಡ್ತೀರಾ? ಅಮ್ಮನ ಫೋಟೋ ಪಕ್ಕ ಇಟ್ಟು ಹೂ ಹಾಕ್ತೀನಿ."

ಸಮನ್ವಿತಾ ಫ್ಲಾಸ್ಕನ್ನು ಮೈಕ್ರೋಸ್ಕೋಪಿನಡಿಯಿಂದ ತೆಗೆದಳು. ಗಡ್ಡೆಗೆ ಹೂವು...

"ಬೇಡ ಚೈತನ್ಯ. ಅದು ಅಮ್ಮನ ಗಡ್ಡೆ. ಚರ್ಮದ್ದು ಮೂರು ತಿಂಗಳ ಹಿಂದೇನೇ ನಿಂತೋಯ್ತು. ನಿಮಗೆ ನೋವಾಗುತ್ತೆ ಅಂತ..."

ಅವನು ಮೇಜಿನಿಂದ ಹಿಂದೆ ಸರಿದ.

"ನಮ್ಮಮ್ಮನ್ನ ತಿಂದಿದ್ದನ್ನ ನೋಡಿ ನಾನು ನಗ್ತಿದ್ದೆ. ನೀವು ಪಕ್ಕದಲ್ಲೇ ನಿಂತಿದ್ರಿ."

ಹೊರಟುಹೋದ. ಫೋನ್ ಎತ್ತಲಿಲ್ಲ. ಮೇಜಿನ ಮೇಲೆ ಕರಿಬೇವು ಒಣಗಿತು.

"ನಿಂತಿರೋದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀಯಾ? ಬಿಸಾಕು," ಎಂದ ಜೊತೆಗೆ ಕೆಲಸ ಮಾಡುವ ಕಿಟ್ಟಿ. ಲ್ಯಾಬಿನ ನಿಯಮವೂ ಅದೇ. ಅವಳು ಮಾತ್ರ ಮೂರು ದಿನಕ್ಕೊಮ್ಮೆ ಆ ಫ್ಲಾಸ್ಕಿನ ಪೋಷಕ ದ್ರವ ಬದಲಿಸುತ್ತಲೇ ಇದ್ದಳು. ಕೆಲವು ದಿನ ಅತ್ತುಕೊಂಡು.

ವರ್ಷಾಬ್ದಿಕದ ಮರುದಿನ ಬಾಗಿಲಲ್ಲಿ ಅವನು ನಿಂತಿದ್ದ.

"ನಿಂತೋಗಿದ್ದನ್ನ ತೋರಿಸ್ತೀರಾ?"

ಅವಳು ಚರ್ಮದ ಫ್ಲಾಸ್ಕನ್ನು ಮೈಕ್ರೋಸ್ಕೋಪಿನಡಿ ಇಟ್ಟಳು. ಕೋಶಗಳು ಅಗಲವಾಗಿ ಹರಡಿ ಬಿದ್ದಿದ್ದವು.

"ಅಮ್ಮ ಅಡುಗೆ ಮುಗಿಸಿ ಹೀಗೇ ಕಾಲು ಚಾಚ್ಕೊಂಡು ಕೂರ್ತಿದ್ಲು," ಎಂದ. "ಯಾಕೆ ನಿಂತ್ವು?"

"ಕೋಶದೊಳಗೆ ಒಂದು ಕಾವಲಿದೆ. ಹಳೇದಾಗಿ ಕೆಟ್ಟಿದ್ರೆ, ಇನ್ನು ಬೆಳೀಬೇಡ ಅಂತ ತಡೆಯುತ್ತೆ. ತಡೆಯದಿದ್ರೆ ಗಡ್ಡೆ ಆಗಬಹುದು. ಹಾಗೆ ನಿಂತವು ಹೆಚ್ಚಾದಷ್ಟೂ ಮುಪ್ಪು. ವಯಸ್ಸಾದೋರ ಗಾಯ ಬೇಗ ಮಾಯದೇ ಇರೋದಕ್ಕೆ ಇದೂ ಒಂದು ಕಾರಣ."

"ಅಂದ್ರೆ ಇವು ಸೋತಿಲ್ಲ."

"ಇಲ್ಲ. ನಿಂತ ಮೇಲೂ ಒಂದು ಕೆಲಸ ಮಾಡ್ತವೆ. ಗಾಯ ಆದ ಕಡೆ ಎಳೇ ಕೋಶಗಳಿಗೆ 'ನೀವು ಬೆಳೀರಿ' ಅಂತ ಸುಳಿವು ಕೊಡ್ತವೆ. ಆಮೇಲೆ ಮೈಯೇ ಇವನ್ನ ತೆಗೆದುಹಾಕಬೇಕು. ಹಾಗೇ ಉಳಿದ್ರೆ ಗಾಯ ಮಾಯಲ್ಲ."

ಅವನು ಕಣ್ಣೊರೆಸಿಕೊಂಡ. ಅವಳಿಗೂ ತಡೆಯಲಾಗಲಿಲ್ಲ.

"ನಿಂತೋಗಿದ್ದನ್ನ ಇಷ್ಟು ದಿನ ಯಾಕೆ ಇಟ್ಕೊಂಡ್ರಿ?"

"ನೀವು ಬಂದೇ ಬರ್ತೀರಿ ಅಂತ. ನೀವಂದ್ರೆ ನಂಗೆ... ಇಷ್ಟ. ಅದಕ್ಕೇ ಸುಳ್ಳು ಹೇಳಿದ್ದು. ತಪ್ಪಾಯ್ತು."

ಅವನು ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. "ಇನ್ನು ಅಮ್ಮನ್ನ ಕಳಿಸಿಬಿಡೋಣ."

ಅವಳು ಮುಚ್ಚಳ ತಿರುಗಿಸಿದಳು. ಅವನು ತನ್ನ ಕೈಯನ್ನೂ ಕೊಟ್ಟ. ಇಬ್ಬರೂ ಸೇರಿ ಅದನ್ನು ಖಾಲಿ ಮಾಡಿದರು.

ಜೇಬಿನಿಂದ ಹಸಿ ಕರಿಬೇವು ತೆಗೆದು ಮೇಜಿನ ಮೇಲಿಟ್ಟು ಅವನು ಹೇಳಿದ, "ಇನ್ಮೇಲೆ ಇಲ್ಲಿಗೆ ಬರೋಕೆ ನಂಗೆ ಕಾರಣ ಇಲ್ಲ."

"ಕಾರಣ ಇಲ್ದೇನೇ ಬನ್ನಿ," ಎಂದಳು ಸಮನ್ವಿತಾ.

"ನಾಳೆ ಬರ್ಲಾ?"