ಕುರ್ಚಿಯ ಕೆಳಗಿನ ಬೆಕ್ಕು

ಅವಳು ಮೆಟ್ಟಿಲು ಹತ್ತಿ ಬಂದಾಗ ಅವನು ಬೇರೊಬ್ಬಳ ಕೈ ಹಿಡಿದುಕೊಂಡಿದ್ದ.

ಕೈ ಎಂದರೆ ಪೂರ್ತಿ ಕೈಯಲ್ಲ, ಮಣಿಕಟ್ಟು. ಅದೂ ಎಡಗೈಯಿಂದ. ಆದರೆ ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಂಡಾಗ ಎಡ ಬಲ ಯಾರು ನೋಡುತ್ತಾರೆ?

"ಉಸಿರು ಬಿಡಬೇಡಿ," ಅನ್ನುತ್ತಿದ್ದ ಮೆಲ್ಲಗೆ. "ಗೆರೆ ಮುಗಿಯೋತನಕ ಒಳಗೇ ಇರ್ಲಿ... ಹಾಂ, ಈಗ ಬಿಡಿ."

ಕೈ ಹಿಡಿಸಿಕೊಂಡವಳು ಉಸಿರು ಬಿಟ್ಟಳು. ಬಾಗಿಲಲ್ಲಿ ನಿಂತವಳ ಉಸಿರು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು.

ಅವಳು ಬಣ್ಣದ ಡಬ್ಬಿಗಳನ್ನು ಮೇಜಿನ ಮೇಲೆ ಬೇಕೆಂದೇ ಸದ್ದು ಮಾಡಿ ಇಟ್ಟಳು.

"ಬೊಚ್ಚಿ, ಬಂದ್ಯಾ?" ಅವನು ತಟ್ಟನೆ ಕೈ ಬಿಟ್ಟ. ಬಲಗೈ ಮೊದಲಿನಿಂದಲೂ ಜೇಬಿನಲ್ಲೇ ಇತ್ತು. "ಇವರು ಹೊಸಬರು. ಗೆರೆ ಕಲೀತಾರೆ."

"ಕಲೀತಿರೋದು ಕಾಣಿಸ್ತು."

"ಮೂರು ತಿಂಗಳಲ್ಲಿ ತಯಾರಾಗ್ಬೇಕಂತೆ. ಯಜಮಾನರು ಹೇಳಿದ್ದಾರೆ."

"ಯಾವುದಕ್ಕೆ ತಯಾರು?"

ಅವನು ಹಲಗೆಯತ್ತ ತಿರುಗಿದ. ಹೊಸಬಳು ಇಬ್ಬರ ಮುಖವನ್ನೂ ನೋಡಿ, "ಟೀ ತರ್ಲಾ?" ಎಂದಳು. ಆ ಧ್ವನಿಯೂ ಚೆನ್ನಾಗಿತ್ತು. ಅದು ಇನ್ನೊಂದು ಉರಿ.

ಅದು ಹಳೆಯ ಚಿತ್ರಗಳನ್ನು ತದ್ರೂಪವಾಗಿ ನಕಲು ಮಾಡಿ ಮ್ಯೂಸಿಯಂಗಳಿಗೆ ಕೊಡುವ ಜಾಗ. ಕೆಳಗಡೆ ಬಡಗಿಗಳು ಹಲಗೆ ಕೊಯ್ಯುತ್ತಿದ್ದರು. ಮೇಲೆ, ಉದ್ದ ಕಿಟಕಿಗಳ ಹಾಲಿನಲ್ಲಿ, ಚಿತ್ರಗಾರರು ಜೋಡಿಜೋಡಿಯಾಗಿ ಕೂರುತ್ತಿದ್ದರು. ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬಬೇಕು. ಒಮ್ಮೆ ಜೋಡಿಯಾದರೆ ವರ್ಷಗಟ್ಟಲೆ ಅದೇ ಜೋಡಿ.

ಅಲ್ಲಿ ಒಂದು ಕಟ್ಟಳೆಯಿತ್ತು. ಗೆರೆ ಎಲ್ಲಾದರೂ ತಪ್ಪಿದರೆ ಬಣ್ಣದವರು ಬಾಯಿ ಬಿಡಬಾರದು. ಅಂಚಿನಲ್ಲಿ ಬಣ್ಣವನ್ನು ಒಂದೆಳೆ ದಪ್ಪ ಮಾಡಿ ಮುಚ್ಚಿಬಿಡಬೇಕು. ಮುಚ್ಚಿದ್ದು ಯಾಕೆ ಎಂದು ಗೆರೆಯವರೂ ಕೇಳುವಂತಿಲ್ಲ.

ಅವನು ಗೆರೆ. ಅವಳು ಬಣ್ಣ.

ಬೊಚ್ಚಿ ಎಂದು ಹೆಸರಿಟ್ಟವನೂ ಅವನೇ. ಅವಳ ಊರಿನ ಹಲ್ಲಿನ ಡಾಕ್ಟರ ಕೋಣೆಯಲ್ಲಿ, ಅವಳು ಚಿಕ್ಕವಳಿದ್ದಾಗ, ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಈಜಿಪ್ಟಿನ ಯಾವುದೋ ಸಮಾಧಿಯ ಗೋಡೆಚಿತ್ರ. ಕುರ್ಚಿಯಲ್ಲಿ ಕೂತ ಗಂಡ ಹೆಂಡತಿ, ಸುತ್ತ ಬಾತುಕೋಳಿಗಳು, ಕುರ್ಚಿಯ ಕೆಳಗೆ ಮೀನು ಕಚ್ಚಿಕೊಂಡ ಬೆಕ್ಕು. ಆ ತಿಂಗಳು ಕಳೆದರೂ ಯಾರೂ ಹಾಳೆ ತಿರುವಲಿಲ್ಲ. ಬೆಕ್ಕನ್ನು ನೋಡುವ ಆಸೆಗೆ ಹುಡುಗಿ ಹಲ್ಲು ನೋವು ಎಂದು ಸುಳ್ಳೇ ಅಳುತ್ತಿದ್ದಳು. ಒಂದು ಸಲ ಡಾಕ್ಟರು ಆ ಮಾತನ್ನು ನಂಬಿ, ಗಟ್ಟಿಮುಟ್ಟಾದ ಒಂದು ದವಡೆಹಲ್ಲನ್ನು ಕಿತ್ತೇಬಿಟ್ಟರು.

ಈ ಕಥೆ ಕೇಳಿ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬೊಚ್ಚುಬಾಯಿಯ ಬೊಚ್ಚಿ ಎಂದು ಕರೆದಿದ್ದ. ಆಮೇಲೆ ನಗು ನಿಲ್ಲಿಸಿ ಹೇಳಿದ್ದ, "ಹಲ್ಲು ಕೊಟ್ಟವಳಿಗೆ ಗೋಡೆ ಸಿಗಲೇಬೇಕು. ಒಂದಿನ ಆ ಕೆಲಸ ನಮಗೇ ಬರುತ್ತೆ ನೋಡು. ಗೋಡೆ ಮುಂದೆ ಇಬ್ರೂ ಕೂರೋಣ. ನಾನು ಬೆಕ್ಕಿನ ಗೆರೆ ಎಳೀತೀನಿ, ನೀನು ಬಣ್ಣ ಹಾಕು."

ಅಂದಿನಿಂದ ಅವಳ ಕನಸಿನೊಳಗೆ ಅವನೂ ಬಂದು ಕೂತುಬಿಟ್ಟ. ಗೋಡೆ ಬೇಕೋ, ಪಕ್ಕದಲ್ಲಿ ಅವನು ಬೇಕೋ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಬಿಡಿಸಿ ಹೇಳಲು ಆಗುತ್ತಿರಲಿಲ್ಲ.

ಮತ್ತು ಈ ವರ್ಷ ಆ ಕೆಲಸ ನಿಜಕ್ಕೂ ಬಂದಿತ್ತು. ಒಂದು ಮ್ಯೂಸಿಯಂಗೆ ಅದೇ ಗೋಡೆಯ ನಕಲು ಬೇಕಿತ್ತು. ಒಂದು ಜೋಡಿ ಅಲ್ಲಿಗೇ ಹೋಗಿ, ಗೋಡೆಯ ಮುಂದೆ ಕೂತು ಗೆರೆ ಎತ್ತಿಕೊಂಡು, ಬಣ್ಣ ಹೊಂದಿಸಿಕೊಂಡು ಬರಬೇಕು.

ಯಾವ ಜೋಡಿ? ಅದೂ ಒಂದು ಪ್ರಶ್ನೆಯೇ ಎಂದುಕೊಂಡಿದ್ದಳು ಅವಳು. ಹೊಸಬಳು ಬರುವ ತನಕ.

ದಿನ ಕಳೆದಂತೆ ಅವನ ಗೆರೆಗಳು ಕೆಡತೊಡಗಿದವು.

ಹಂಸದ ಕೊರಳು ಒಂದೇ ಬೀಸಿಗೆ ಇಳಿಯಬೇಕು. ನಡುವೆ ಎಲ್ಲೋ ಅಲುಗುತ್ತಿತ್ತು. ತಾವರೆ ದಂಟಿನ ಅಂಚು ನೀರಲ್ಲಿ ಕಂಡಂತೆ ಕದಲುತ್ತಿತ್ತು. ಕಣ್ಣು ಹಲಗೆಯ ಮೇಲಿದ್ದರೆ ತಾನೆ ಗೆರೆ ನೆಟ್ಟಗಿರುವುದು? 'ಮನಸ್ಸು ಪಕ್ಕದ ಮೇಜಲ್ಲಿದೆ... ಹಂಸ ಇನ್ನೆಲ್ಲಿ ಈಜುತ್ತೆ!'

ಬಾಯಿ ಬಿಡುವಂತಿಲ್ಲವಲ್ಲ. ಹಲ್ಲು ಕಚ್ಚಿ, ಅಂಚು ದಪ್ಪ ಮಾಡಿ, ಒಂದೊಂದೇ ಮುಚ್ಚಿದಳು. ಕುಂಚ ಒತ್ತಿದ ರಭಸಕ್ಕೆ ಕೂದಲು ಉದುರಿ ಹಲಗೆಗೆ ಅಂಟಿಕೊಳ್ಳುತ್ತಿತ್ತು.

ಅವನು ಅದನ್ನು ನೋಡಿದ. ನೋಡಿ ಮುಖ ತಿರುಗಿಸಿಕೊಂಡ. ಮೊದಲು ಬಾಯ್ತುಂಬ ಮಾತಾಡುತ್ತಿದ್ದವನು ಈಗ ಬೇಕಾದಷ್ಟೇ ಮಾತಾಡಿ, ಊಟಕ್ಕೂ ಹೊಸಬಳ ಜೊತೆ ಹೋಗತೊಡಗಿದ.

"ಅವಳು ನೋಡೋಕೆ ಹೇಗಿದ್ದಾಳೆ?" ಮನೆಯಲ್ಲಿ ಅವಳ ಅಕ್ಕ ಕೇಳಿದಳು, ಬಟ್ಟೆ ಮಡಚುತ್ತಾ.

"ಯಾರು?"

"ಎರಡು ವಾರದಿಂದ ಯಾರ ಮಾತು ಬಂದ್ರೆ ಅದು ನನಗ್ಯಾಕೆ ಅಂತ ತಟ್ಟೆ ಕುಕ್ಕುತಾ ಇದ್ದೀಯಲ್ಲ, ಅವಳು."

"ಸಾಧಾರಣ."

"ಹಾಗಾದ್ರೆ ಚೆನ್ನಾಗಿದ್ದಾಳೆ." ಅಕ್ಕ ದಿಂಬಿನ ಕವರನ್ನು ಕೊಡವಿದಳು. "ಅವನಿಗೆ ಬಾಯಿ ಬಿಟ್ಟು ಹೇಳಿದ್ದೀಯಾ, ಇಷ್ಟ ಅಂತ?"

"ಅವನಿಗೆ ಗೊತ್ತಿಲ್ವಾ? ನಾಲ್ಕು ವರ್ಷ ಅವನ ಗೆರೆಯೊಳಗೇ ಬದುಕಿದ್ದೀನಿ."

"ಅದು ಕೆಲಸ ಕಣೇ. ಸಂಬಳಾನೂ ತಗೊಂಡಿದ್ದೀಯ."

ಮೂರು ತಿಂಗಳು ತುಂಬುವ ಹೊತ್ತಿಗೆ ಯಜಮಾನರು ಒಂದು ಮಧ್ಯಾಹ್ನ ಎಲ್ಲರನ್ನೂ ಕರೆದರು. ಕನ್ನಡಕ ಹಣೆಗೇರಿಸಿ, ಎಂದಿನಂತೆ ಗಂಟಲು ಸರಿಮಾಡಿಕೊಂಡು, "ಈಜಿಪ್ಟಿಗೆ ಬಣ್ಣಕ್ಕೆ ನಮ್ಮ ಬೊಚ್ಚಿ," ಎಂದರು. ಚಪ್ಪಾಳೆ ಬಿತ್ತು. ಅವಳು ಅವನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಗೆರೆಗೆ ಹೊಸ ಹುಡುಗಿ. ಇವನೇ ಹೇಳಿದ, ತನಗಿಂತ ಅವಳ ಕೈ ಈಗ ಚೆನ್ನಾಗಿದೆ ಅಂತ."

ಎಲ್ಲರೂ ಚದುರಿದ ಮೇಲೆ ಅವಳು ಅವನನ್ನು ಮೆಟ್ಟಿಲಲ್ಲಿ ಅಡ್ಡಗಟ್ಟಿದಳು.

"ಯಾಕೆ?"

"ನನಗೆ ಬಿಸಿಲು ಆಗಲ್ಲ, ಬೊಚ್ಚಿ."

"ಸಮಾಧಿಯೊಳಗೆ ಬಿಸಿಲಾ?"

"ಹೋಗಿ ಬಾ. ನಿನ್ನ ಬೆಕ್ಕು ಕಾಯ್ತಾ ಇದೆ."

"ನಿನ್ನ ಜಾಗ ಅವಳಿಗೆ ಕೊಟ್ಟೆ."

"ಜಾಗ ಖಾಲಿ ಬಿದ್ದಿದ್ರೆ ನಿನಗೂ ಹೋಗೋಕೆ ಆಗ್ತಿರ್ಲಿಲ್ಲ."

"ನನಗೆ ಮಾತು ಕೊಟ್ಟು, ಅವಳಿಗೆ ಉಡುಗೊರೆ ಕೊಟ್ಟೆ. ಚೆನ್ನಾಗಿದೆ." ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಇನ್ನು ಬೊಚ್ಚಿ ಅಂತ ಕರೀಬೇಡ."

ಅವನು ಬಲಗೈಯನ್ನು ಜೇಬಿಗೆ ತುರುಕಿಕೊಂಡು ಇಳಿದು ಹೋದ.

ಬಾಲ್ಯದ ಕನಸು ಈಡೇರುವ ಹೊತ್ತಿಗೆ ಪಕ್ಕದ ಸೀಟಿನಲ್ಲಿ ಯಾರಿರಬೇಕು ಎಂದು ಯಾರೂ ಕೇಳುವುದಿಲ್ಲ. ವಿಮಾನದಲ್ಲಿ ಹೊಸಬಳು ಅವಳ ಭುಜಕ್ಕೆ ತಲೆಯೊರಗಿಸಿ ನಿದ್ದೆ ಹೋದಳು. ತಳ್ಳಲೂ ಆಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ.

ನದಿಯನ್ನು ದೋಣಿಯಲ್ಲಿ ದಾಟಿದರು. ಆಚೆ ದಡದ ಹಸಿರು ಚಾಕುವಿನಲ್ಲಿ ಕೊಯ್ದಂತೆ ಒಂದೆಡೆ ನಿಂತುಬಿಟ್ಟಿತ್ತು. ಅಲ್ಲಿಂದಾಚೆ ಬರೀ ಹಳದಿ ಬೆಟ್ಟ. ಬೆಟ್ಟದ ಹೊಟ್ಟೆಯೊಳಗೆ ಇಳಿಯುವ ಮೆಟ್ಟಿಲು. ದೀಪ ಹತ್ತಿತು.

ಗೋಡೆ ಇತ್ತು.

ಕ್ಯಾಲೆಂಡರಿನಲ್ಲಿ ಕಾಣದ್ದೆಲ್ಲ ಅಲ್ಲಿತ್ತು. ಹೆಂಡತಿಯ ಕೈ ಗಂಡನ ಭುಜದ ಮೇಲಿತ್ತು. ಬೆರಳುಗಳು ಸುಮ್ಮನೆ ಇಟ್ಟಂತಿರಲಿಲ್ಲ, ಹಿಡಿದಂತಿದ್ದವು. ಬಾತುಗಳ ರೆಕ್ಕೆಯ ನೀಲಿ ನಿನ್ನೆ ಬಳಿದ ಹಾಗಿತ್ತು. ಅವಳ ನಾಲಿಗೆ ತಾನಾಗಿಯೇ ದವಡೆಯ ಖಾಲಿ ಜಾಗವನ್ನು ಮುಟ್ಟಿ ನೋಡಿತು.

ಅಳು ಬಂತು. ಸಂತೋಷದ ಅಳುವೇ. ಆದರೆ ಅದನ್ನು ತೋರಿಸಲು ಪಕ್ಕಕ್ಕೆ ತಿರುಗಿದರೆ, ಅಲ್ಲಿ ಅವನಿರಬೇಕಿದ್ದ ಜಾಗದಲ್ಲಿ ಹೊಸಬಳು ನಿಂತಿದ್ದಳು!

ದಿನಾ ಸಂಜೆ ಹೊಸಬಳಿಗೆ ಅವನ ಫೋನು. ಹೋಟೆಲಿನ ವರಾಂಡದ ಆ ತುದಿಗೆ ಹೋಗಿ, ದನಿ ತಗ್ಗಿಸಿ ಮಾತಾಡುತ್ತಿದ್ದಳು. ಒಂದು ಸಲ, "ನೀವೇ ಕೇಳಿ ಅಂದ್ರೆ ಕೇಳಲ್ವಲ್ಲ," ಎಂದು ನಕ್ಕಿದ್ದು ಕೇಳಿಸಿತು. ಬಣ್ಣದ ಹುಡುಗಿ ರೂಮಿನ ಬಾಗಿಲು ಹಾಕಿಕೊಂಡು ಕುಂಚ ತೊಳೆದಳು. ತೊಳೆದ ಕುಂಚವನ್ನೇ ಮತ್ತೆ ತೊಳೆದಳು.

ಬೆಕ್ಕನ್ನು ಕೊನೆಗೆ ಉಳಿಸಿಕೊಂಡಿದ್ದರು. ಅದು ನೆಲದ ಹತ್ತಿರ, ಕುರ್ಚಿಯ ಕೆಳಗೆ. ಇಬ್ಬರೂ ಚಾಪೆ ಹಾಸಿ ಬೋರಲು ಮಲಗಿ ಕೆಲಸ ಮಾಡಬೇಕಿತ್ತು.

ಹೊಸಬಳು ಎಳೆದಳು, ಒರೆಸಿದಳು. ಎಳೆದಳು, ಒರೆಸಿದಳು.

"ಏನಾಯ್ತು?"

"ಇದರ ಬೆನ್ನು ನನಗೆ ಬರ್ತಿಲ್ಲ ರೀ. ಬಣ್ಣ ಉದುರಿರೋ ಕಡೆ ನೋಡಿ, ಕೆಳಗಿನ ಗೆರೆ ಹೇಗೆ ನಡುಗಿದೆ. ನಾನು ಎಳೆದ್ರೆ ನೆಟ್ಟಗೇ ಬರುತ್ತೆ. ಬೇಕಂತ ಅಲುಗಾಡಿಸಿದ್ರೆ ನಾಟಕ ಥರ ಕಾಣುತ್ತೆ." ಅವಳು ಪೆನ್ಸಿಲ್ ಕೆಳಗಿಟ್ಟಳು. "ಥೇಟ್ ಅವರ ಗೆರೆ ಇದ್ದಂಗಿದೆ."

"ಯಾರ ಗೆರೆ?"

ಹೊಸಬಳು ನಾಲಿಗೆ ಕಚ್ಚಿಕೊಂಡಳು.

"ಯಾರ ಗೆರೆ ಅಂತ ಕೇಳಿದೆ."

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ... ಅವರೂ ಹಾಗೇ ಅಂದ್ಕೊಂಡಿದ್ದಾರೆ." ಎದ್ದು ಕೂತಳು. "ಅವರ ಬಲಗೈ ನಡುಗುತ್ತೆ. ಶುರುವಾಗಿ ವರ್ಷವಾಯ್ತಂತೆ, ಈಚೆಗೆ ಮುಚ್ಚಿಡೋಕಾಗದಷ್ಟು ಜಾಸ್ತಿಯಾಯ್ತು. ಡಾಕ್ಟರು ಜೀವಕ್ಕೇನೂ ತೊಂದ್ರೆ ಇಲ್ಲ, ಆದ್ರೆ ನಿಲ್ಲೋದಲ್ಲ ಅಂದಿದ್ದಾರೆ. ಗೆರೆಗೆ ಆಳಿಲ್ಲ ಅಂದ್ರೆ ಈ ಕೆಲಸ ಬೇರೆಯವರಿಗೆ ಹೋಗ್ತಿತ್ತು. ಅದಕ್ಕೇ ಹಗಲೂ ಇರುಳೂ ನನ್ನ ತಿದ್ದಿದ್ದು. ಒಬ್ಬಳು ಇದಕ್ಕೋಸ್ಕರ ಹಲ್ಲು ಕೊಟ್ಟಿದ್ದಾಳೆ, ಅವಳು ಗೋಡೆ ನೋಡ್ಲೇಬೇಕು ಅಂತ."

ದೀಪದ ಸುತ್ತ ಒಂದು ನೊಣ ತಿರುಗುತ್ತಿತ್ತು.

"ಮತ್ತೆ ದಿನಾ ಫೋನು?"

"ನೀವು ಊಟ ಮಾಡಿದ್ರಾ, ಗೋಡೆ ನೋಡಿ ಅತ್ರಾ, ನಕ್ಕರಾ. ಅಷ್ಟೇ ಕೇಳೋದು. ನನ್ನ ಹೆಸರು ಕೂಡ ಸರಿಯಾಗಿ ನೆನಪಿಲ್ಲ ಅವರಿಗೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಗೆರೆ ಮುಚ್ತಾ ಇದ್ರಲ್ಲ. ಕನಿಕರ ಪಡ್ತಿದ್ದಾಳೆ, ಅದನ್ನ ನೋಡೋಕಾಗಲ್ಲ ಅಂತಿದ್ರು."

ಕನಿಕರ! ಅವಳಿಗೆ ನಗು ಬಂತು, ಅದರ ಹಿಂದೆಯೇ ಬೇರೇನೋ. ಮುಚ್ಚಿದ ಒಂದೊಂದು ಗೆರೆಯೂ ಕಣ್ಣ ಮುಂದೆ ಬಂತು. ಹಂಸದ ಕೊರಳು, ತಾವರೆ ದಂಟು. ಅಲುಗಿದ್ದು ಅವನ ಮನಸ್ಸಲ್ಲ. ನಾಲ್ಕು ವರ್ಷ ಅವನ ಗೆರೆ ಓದಿದವಳು, ಬೇಕಾದ ಹೊತ್ತಿಗೆ ತಪ್ಪು ಓದಿದ್ದಳು.

ಅವಳು ಮತ್ತೆ ಬೋರಲು ಮಲಗಿ ಬೆಕ್ಕಿನ ಬೆನ್ನನ್ನು ನೋಡಿದಳು. ಬಣ್ಣ ಉಳಿದ ಕಡೆ ಅಂಚು ಒಂದೆಳೆ ದಪ್ಪವಿತ್ತು. ಯಾರೋ ಕುಂಚವನ್ನು ಹೊರಗಿನಿಂದ ಒಳಕ್ಕೆ ಎಳೆದು ನಡುಕವನ್ನು ಮುಚ್ಚಿದ್ದರು. ಅವಳು ಮುಚ್ಚುವುದೂ ಹೀಗೇ.

ಅಂದರೆ ಇಲ್ಲಿಯೂ ಒಂದು ಜೋಡಿ ಇತ್ತು. ಒಬ್ಬರ ಕೈ ನಡುಗಿತ್ತು. ಇನ್ನೊಬ್ಬರು ಬಾಯಿ ಬಿಡದೆ ಮುಚ್ಚಿದ್ದರು. ಕನಿಕರದಿಂದಲೋ, ಕೋಪದಿಂದಲೋ, ಯಾರಿಗೆ ಗೊತ್ತು... ಇಷ್ಟು ಕಾಲವಾದ ಮೇಲೆ ನೋಡುವವರಿಗೆ ಎಲ್ಲವೂ ಪ್ರೀತಿಯ ಹಾಗೇ ಕಾಣುತ್ತದೆ.

"ಬೆಕ್ಕನ್ನ ಹಾಗೇ ಬಿಡಿ," ಎಂದಳು.

"ಖಾಲಿಯಾ? ಯಜಮಾನರು ಬೈತಾರೆ."

"ಬೈಸ್ಕೋತೀನಿ." ಎದ್ದು ಬಣ್ಣದ ಡಬ್ಬಿ ಮುಚ್ಚುತ್ತಾ, "ನಿಮ್ಮ ಮೇಲೆ ಉರ್ಕೊಂಡಿದ್ದೆ," ಎಂದಳು.

"ಗೊತ್ತು ರೀ. ಟೀ ತಂದ್ಕೊಟ್ರೆ ಕುಡೀತಾನೇ ಇರ್ಲಿಲ್ಲ ನೀವು."

ಊರಿಗೆ ಮರಳಿ ಅವಳು ಮೆಟ್ಟಿಲು ಹತ್ತಿದಾಗ ಅವನು ಹಾಲಿನಲ್ಲಿ ಒಬ್ಬನೇ ಇದ್ದ, ಎಡಗೈಯಿಂದ ಬೇರೆಯವರ ಹಲಗೆಗಳಿಗೆ ಸುಣ್ಣದ ಮೊದಲ ಲೇಪ ಹಚ್ಚುತ್ತಾ. ಅದಕ್ಕೆ ನೆಟ್ಟಗಿನ ಕೈ ಬೇಕಿಲ್ಲ. ಕಿಟಕಿಯ ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು.

ಅವಳು ನಕಲಿನ ಹಲಗೆಯನ್ನು ಅವನೆದುರು ನಿಲ್ಲಿಸಿದಳು.

ಅವನು ತುಂಬ ಹೊತ್ತು ನೋಡಿದ. ಬಾತುಗಳು, ಹೆಂಡತಿಯ ಬೆರಳು, ಕುರ್ಚಿ. ಕುರ್ಚಿಯ ಕೆಳಗೆ ಬರೀ ಬಿಳಿ.

"ಬೆಕ್ಕೆಲ್ಲಿ?"

"ಆ ಗೆರೆ ನಡುಗಿದೆ. ಹೊಸಬರ ಕೈಗೆ ನಡುಗೋಕೆ ಬರಲ್ಲ." ಅವಳು ಗೋಡೆಯ ಫೋಟೋವನ್ನು ಪಕ್ಕದಲ್ಲಿಟ್ಟಳು. "ಈ ಹಾಲಲ್ಲಿ ಅದನ್ನ ಎಳೆಯೋಕೆ ಬರೋನು ಒಬ್ಬನೇ. ಅವನಿಗೆ ಬಿಸಿಲು ಆಗಲ್ವಂತೆ, ಅದಕ್ಕೇ ಇಲ್ಲಿಗೇ ತಂದೆ."

ಅವನ ಮುಖ ಕೆಂಪಾಯಿತು. "ಎಲ್ಲಾ ಹೇಳಿಬಿಟ್ಳಾ?"

"ನೀನು ಹೇಳ್ಬೇಕಿತ್ತು."

"ನೀನೇ ಎಲ್ಲಾ ಮುಚ್ತಾ ಇದ್ಯಲ್ಲ. ಕನಿಕರಕ್ಕೆ..."

"ಕನಿಕರ ಅಂತೆ. ಹೊಟ್ಟೆಕಿಚ್ಚಿಗೆ ಮುಚ್ಚಿದ್ದು ಕಣೋ. ಅವಳ ಕೈ ಹಿಡ್ಕೊಂಡಿದ್ದೆ ನೀನು. ನಾಲ್ಕು ವರ್ಷದಲ್ಲಿ ನನ್ನ ಕೈ ಒಂದು ಸಲ ಹಿಡಿದಿಲ್ಲ."

ಅವನು ಕುಂಚ ಕೆಳಗಿಟ್ಟ. ಆಮೇಲೆ, ಮೊದಲ ಸಲ, ಬಲಗೈಯನ್ನು ಜೇಬಿನಿಂದ ತೆಗೆದು ಅವಳೆದುರು ಚಾಚಿದ. ಅದು ಗಾಳಿಗೆ ಸಿಕ್ಕ ಎಲೆಯಂತೆ ಸಣ್ಣಗೆ ಕಂಪಿಸುತ್ತಿತ್ತು.

"ಹಿಡಿಯೋಕೆ ಹೆದರಿಕೆ ಆಗ್ತಿತ್ತು," ಎಂದ. "ಹಿಡಿದ್ರೆ ಎಷ್ಟು ನಡುಗುತ್ತೆ ಅಂತ ನಿನಗೆ ಗೊತ್ತಾಗಿಬಿಡುತ್ತಲ್ಲ ಅಂತ. ಇದು ಮಾತ್ರ ಅಲ್ಲ... ಇನ್ನೊಂದೂ."

"ಇನ್ನೊಂದು ಬಾಯಲ್ಲಿ ಹೇಳು."

"ನಿನ್ನ ಬಿಟ್ಟು ಬೇರೆ ಯಾರ ಬಣ್ಣಕ್ಕೂ ನಾನು ಗೆರೆ ಎಳೀಲಾರೆ, ಬೊಚ್ಚಿ. ನೀನಂದ್ರೆ ನನಗೆ ಪ್ರಾಣ."

ಅವಳು ಆ ಹೆಸರಿಗೆ ಏನೂ ಅನ್ನಲಿಲ್ಲ. ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು, ಪೆನ್ಸಿಲ್ ಕೊಟ್ಟು, ಹಲಗೆಯ ಮುಂದೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

ಪೆನ್ಸಿಲ್ ಬಿಳಿಯನ್ನು ಮುಟ್ಟಿತು. ಬೆಕ್ಕಿನ ಕಿವಿಯಿಂದ ಕತ್ತಿಗೆ ಇಳಿಯಿತು... ನೆಟ್ಟಗೆ, ನುಣ್ಣಗೆ, ಒಂದೇ ಬೀಸಿಗೆ.

ಇಬ್ಬರೂ ಗೆರೆಯನ್ನೇ ನೋಡಿದರು.

"ಹಾಳಾಯ್ತು," ಎಂದ ಅವನು. "ನೀನು ಹಿಡ್ಕೊಂಡ್ರೆ ಇದು ನಡುಗಲ್ಲ. ಬಿಡು ಸ್ವಲ್ಪ."

"ಬೆಕ್ಕಿನ ಬೆನ್ನು ಮುಗಿಯೋತನಕ ಬಿಡ್ತೀನಿ."

"ಆಮೇಲೆ?"

"ಆಮೇಲೆ ಬಾಲ ಇದೆಯಲ್ಲ," ಎಂದಳು ಅವಳು. "ಅದು ನೆಟ್ಟಗಿದೆ."